ದುಡ್ಡು ಮುಳುಗಿತು. ಆದರೆ ಅದು ಯಾವ ಮೋಸ?

ಪ್ರಶ್ನೆ: ನಾನು ಸಿಂಧನೂರು ತಾಲೂಕಿನ ರೈತ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತೇನೆ. ಕಳೆದ ಡಿಸೆಂಬರ್‌ನಲ್ಲಿ 240 ಚೀಲ ಸೋನಾ ಮಸೂರಿಯನ್ನು ಕೊಪ್ಪಳ ಜಿಲ್ಲೆಯ ಒಬ್ಬ ವರ್ತಕನಿಗೆ ಕೊಟ್ಟೆ. 75 ಕೆಜಿ ಚೀಲಕ್ಕೆ 1,800 ರೂಪಾಯಿ, ಒಟ್ಟು 4,32,000. ಹೊಲದಲ್ಲೇ ತೂಕ ಮಾಡಿ ಲಾರಿ ತುಂಬಿಸಿಕೊಂಡು ಹೋದರು. ಅವತ್ತು 1 ಲಕ್ಷ ಕೊಟ್ಟು, ಉಳಿದದ್ದು ಸಂಕ್ರಾಂತಿ ಆದಮೇಲೆ ಅಂದ. ನಾಲ್ಕು ವರ್ಷದಿಂದ ಇವನಿಗೇ ಕೊಡುತ್ತಿದ್ದೆ, ಒಮ್ಮೆಯೂ ತಪ್ಪಿರಲಿಲ್ಲ. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಜಗಳ ಮಾಡಿದ ಮೇಲೆ 3,32,000 ರೂಪಾಯಿಯ ಚೆಕ್ ಕೊಟ್ಟ. ಬ್ಯಾಂಕಿಗೆ ಹಾಕಿದರೆ "ಖಾತೆ ಮುಚ್ಚಲಾಗಿದೆ" ಅಂತ ವಾಪಸ್ ಬಂತು. ಅದಾಗಿ 19 ದಿನ. ಈಗ ಅಂಗಡಿಗೆ ಬೀಗ, ಫೋನ್ ಸ್ವಿಚ್ ಆಫ್. ಮನೆಯನ್ನು ಹೆಂಡತಿ ಹೆಸರಿಗೆ ಮಾಡಿಬಿಟ್ಟಿದ್ದಾನಂತೆ. ನಮ್ಮೂರಲ್ಲೇ ಇನ್ನೂ 11 ಜನರಿಗೆ ಬಾಕಿ ಇದೆ. ಅವರಲ್ಲಿ ಇಬ್ಬರು ರೇಟು ಏರಿದಾಗ ಮಾರಿಕೊಡು ಅಂತ ಅವನ ಗೋದಾಮಿನಲ್ಲಿ ಭತ್ತ ಇಟ್ಟಿದ್ದರು. ಅದನ್ನೂ ಮಾರಿಕೊಂಡಿದ್ದಾನೆ. ಠಾಣೆಗೆ ಹೋದರೆ "ಇದು ವ್ಯವಹಾರ, ಸಿವಿಲ್ ಕೋರ್ಟಿಗೆ ಹೋಗಿ" ಅಂದರು. ಇದು 420 ಅಲ್ವಾ? ಕಾನೂನಿನಲ್ಲಿ ಮೋಸ ಅಂದರೆ ಏನು, ಎಷ್ಟು ಥರ? ನಮಗಿರುವ ದಾರಿ ಯಾವುದು?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಉಳಿದದ್ದನ್ನು ಆಮೇಲೆ ಓದಿ. ಚೆಕ್ ವಾಪಸಾದ ಸುದ್ದಿ ಬ್ಯಾಂಕಿನಿಂದ ನಿಮಗೆ ತಿಳಿದ ದಿನದಿಂದ 30 ದಿನದೊಳಗೆ ವರ್ತಕನಿಗೆ ಲಿಖಿತ ನೋಟಿಸ್ ಹೋಗಬೇಕು. 19 ದಿನ ಕಳೆದಿದೆ. ಅಂದರೆ ಉಳಿದದ್ದು ಹೆಚ್ಚೆಂದರೆ 11 ದಿನ. ಒಬ್ಬ ವಕೀಲರನ್ನು ಹಿಡಿದು ಈ ವಾರವೇ ಅವನ ಮನೆ ಮತ್ತು ಅಂಗಡಿ, ಎರಡೂ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನೇ ಸ್ಪಷ್ಟವಾಗಿ ಕೇಳಿ. ಬಡ್ಡಿ, ಲಾರಿ ಬಾಡಿಗೆ, ಓಡಾಟದ ಖರ್ಚು ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಮೊತ್ತ ಬರೆದು ಕೇಸು ಕೆಡಿಸಿಕೊಂಡವರನ್ನು ನೋಡಿದ್ದೇನೆ. ಬಾಗಿಲಿಗೆ ಬೀಗ ಅಂತ ನೋಟಿಸ್ ವಾಪಸ್ ಬಂದರೆ ಹೆದರಬೇಡಿ. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ ತಲುಪಿದೆ ಎಂದೇ ಕೋರ್ಟು ಭಾವಿಸುತ್ತದೆ. ಆ ಲಕೋಟೆಯನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮನ್ನು ಜಾಸ್ತಿ ಚುಚ್ಚಿದ್ದು 3,32,000 ರೂಪಾಯಿಗಿಂತ ಠಾಣೆಯಲ್ಲಿ ಕೇಳಿದ ಆ ಒಂದು ಮಾತು ಅನ್ನಿಸುತ್ತದೆ. ಇಷ್ಟು ಕಣ್ಣಿಗೆ ಹೊಡೆಯುವ ಮೋಸವನ್ನು "ವ್ಯವಹಾರ" ಅಂದುಬಿಟ್ಟರಲ್ಲ ಅಂತ. ಅವರು ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು.

ನಮ್ಮ ಕಡೆ ದುಡ್ಡು ಹೋದಾಗ ಜನ ಮೂರು ಮಾತು ಆಡುತ್ತಾರೆ. "ಕೈ ಎತ್ತಿದ", "ಟೋಪಿ ಹಾಕಿದ", "ನುಂಗಿದ". ಸಿಟ್ಟಿನಲ್ಲಿ ಮೂರನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಸ್ವಲ್ಪ ನಿಂತು ಕೇಳಿಸಿಕೊಂಡರೆ ಮೂರೂ ಬೇರೆ ಬೇರೆ. ಕಾನೂನು ಕೂಡ ಇವನ್ನು ಹಾಗೇ ಬೇರೆ ಮಾಡುತ್ತದೆ.

ಕೈ ಎತ್ತುವುದು ಅಂದರೆ ಕೊಡುವ ಮನಸ್ಸಿತ್ತು, ಕೊಡಲು ಆಗಲಿಲ್ಲ. ರೇಟು ಬಿತ್ತು, ಮೇಲಿನ ಪಾರ್ಟಿ ದುಡ್ಡು ಕೊಡಲಿಲ್ಲ, ಸಾಲ ಮೈಮೇಲೆ ಬಂತು. ಇದು ಬಾಕಿ. ಸಿವಿಲ್ ದಾವೆ ಹಾಕಿ ವಸೂಲಿ ಮಾಡಬಹುದು, ಆದರೆ ಇದಕ್ಕೆ ಜೈಲು ಇಲ್ಲ.

ಟೋಪಿ ಹಾಕುವುದು ಬೇರೆ. ಇಲ್ಲಿ ಮಾಲು ತೆಗೆದುಕೊಳ್ಳುವ ಹೊತ್ತಿಗೇ ಕೊಡುವ ಉದ್ದೇಶ ಇರಲಿಲ್ಲ. ಸುಳ್ಳು ನಂಬಿಸಿ ನಿಮ್ಮ ಕೈಯಿಂದಲೇ ಮಾಲು ಹೊರಡಿಸಿದ. ಇದೇ ವಂಚನೆ, ನೀವು ಹೇಳುವ 420. ಆ ನಂಬರು ಈಗ ಜನರ ಬಾಯಲ್ಲಿ ಮಾತ್ರ ಉಳಿದಿದೆ. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅಲ್ಲಿ ಇದು ಸೆಕ್ಷನ್ 318(4). ಶಿಕ್ಷೆ 7 ವರ್ಷದವರೆಗೆ. "ಅವನೊಬ್ಬ ತ್ರೀ ಏಟೀನ್" ಅಂತ ಬೈಯುವುದು ರೂಢಿಯಾಗಲು ಇನ್ನೊಂದು ತಲೆಮಾರು ಬೇಕೇನೋ.

ಈ ಎರಡರ ನಡುವಿನ ಗೆರೆಯನ್ನು ಸುಪ್ರೀಂ ಕೋರ್ಟು 2000ದಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸ್ಪಷ್ಟವಾಗಿ ಎಳೆದಿದೆ. ವಂಚನೆ ಆಗಬೇಕಾದರೆ ಕೆಟ್ಟ ಉದ್ದೇಶ ಮಾತು ಕೊಟ್ಟ ಗಳಿಗೆಯಲ್ಲೇ ಇರಬೇಕು. ಆಮೇಲೆ ಮಾತು ತಪ್ಪಿದ ಅನ್ನುವುದೊಂದೇ ಸಾಲದು. ಹಾಗಾಗಿ "ಸಂಕ್ರಾಂತಿಗೆ ಕೊಡ್ತೀನಿ ಅಂದ, ಕೊಡಲಿಲ್ಲ" ಅಂತಷ್ಟೇ ದೂರು ಬರೆದರೆ ಪೊಲೀಸರು ಸಿವಿಲ್ ಅನ್ನುವುದರಲ್ಲಿ ಆಶ್ಚರ್ಯ ಇಲ್ಲ. ನೀವು ಬರೆಯಬೇಕಾದದ್ದು ಡಿಸೆಂಬರ್‌ನಲ್ಲಿ ಲಾರಿ ತುಂಬಿದ ಆ ದಿನ ಅವನ ತಲೆಯಲ್ಲಿ ಏನಿತ್ತು ಅನ್ನುವುದನ್ನು.

ಇನ್ನೊಬ್ಬರ ತಲೆಯೊಳಗೆ ಇಳಿದು ನೋಡಲು ಆಗುವುದಿಲ್ಲ, ನಿಜ. ನಡತೆಯಿಂದ ಊಹಿಸಬೇಕು. ಇಲ್ಲಿ ನಿಮಗೆ ಅನುಕೂಲ ಆಗದ ಎರಡು ಸಂಗತಿ ಇವೆ, ಮುಚ್ಚಿಡದೆ ಹೇಳುತ್ತೇನೆ. ನಾಲ್ಕು ವರ್ಷ ತಪ್ಪದೆ ಕೊಟ್ಟಿದ್ದಾನೆ ಅನ್ನುವುದು ಅವನ ಪರವಾಗಿ ಅವನ ವಕೀಲ ಹೇಳುವ ಮೊದಲ ಮಾತು. ಅವತ್ತೇ 1 ಲಕ್ಷ ಕೊಟ್ಟಿದ್ದು ಎರಡನೆಯ ಮಾತು. ಜೊತೆಗೆ, ಆ ಚೆಕ್ ಕೊಟ್ಟಿದ್ದು ಭತ್ತ ಹೋದ ಎಷ್ಟೋ ದಿನದ ಮೇಲೆ. ಅದನ್ನು ನಂಬಿ ನೀವು ಭತ್ತ ಕೊಟ್ಟಿದ್ದಲ್ಲ. ಆದ್ದರಿಂದ ಚೆಕ್ ವಾಪಸಾದದ್ದು ಮೊದಲ ದಿನದ ಉದ್ದೇಶಕ್ಕೆ ನೇರ ಸಾಕ್ಷಿ ಆಗುವುದಿಲ್ಲ. ಮುಚ್ಚಿಹೋದ ಖಾತೆಯ ಚೆಕ್ಕನ್ನು ಗೊತ್ತಿದ್ದೂ ಕೊಟ್ಟಿದ್ದರೆ ಆ ದಿನದ ನಡತೆ ಕೆಟ್ಟದ್ದು ಅಂತ ತೋರಿಸಬಹುದು, ಅಷ್ಟೇ.

ಹಾಗಾದರೆ ಯಾವುದು ಸಾಕ್ಷಿ? ಖಾತೆ ಮುಚ್ಚಿದ್ದು ಯಾವಾಗ? ಡಿಸೆಂಬರ್‌ಗಿಂತ ಮೊದಲೇ ಆಗಿದ್ದರೆ ಅದಕ್ಕೆ ಬೆಲೆ ಜಾಸ್ತಿ. ಆ ತಿಂಗಳು ಬೇರೆ ವರ್ತಕರಿಗಿಂತ ಚೀಲಕ್ಕೆ ನೂರಿನ್ನೂರು ಜಾಸ್ತಿ ಹೇಳಿ ಎಲ್ಲರ ಮಾಲೂ ಎತ್ತಿದನಾ? ಕೊಂಡ ಬೆಲೆಗಿಂತ ಕಡಿಮೆಗೆ ಮಿಲ್ಲಿಗೆ ಹಾಕಿ ನಗದು ಮಾಡಿಕೊಂಡನಾ? ನಷ್ಟಕ್ಕೆ ಮಾರುವ ವರ್ತಕ ವ್ಯಾಪಾರ ಮಾಡುತ್ತಿಲ್ಲ, ಗಂಟು ಕಟ್ಟುತ್ತಿದ್ದಾನೆ. ಪ್ರತಿ ವರ್ಷ ಎಷ್ಟು ಕೊಳ್ಳುತ್ತಿದ್ದ, ಈ ವರ್ಷ ಎಷ್ಟು ಕೊಂಡ? 12 ಜನರ ಲೆಕ್ಕ ಒಂದೇ ಹಾಳೆಯ ಮೇಲೆ ಬಂದಾಗ ಒಬ್ಬೊಬ್ಬರಿಗೆ ಕಾಣದ ಚಿತ್ರ ಕಾಣುತ್ತದೆ. ಲಾರಿ ಡ್ರೈವರ್, ಹಮಾಲರು, ವೇಬ್ರಿಡ್ಜ್‌ನವರು, ಮಿಲ್ಲಿನ ಗುಮಾಸ್ತ. ಈ ನಾಲ್ವರಲ್ಲಿ ಯಾರಾದರೂ ಒಬ್ಬರಿಗೆ ಎಲ್ಲ ಗೊತ್ತಿರುತ್ತದೆ. ವಾಟ್ಸಾಪ್ ಮೆಸೇಜು, ಕಾಲ್ ರೆಕಾರ್ಡಿಂಗ್ ಇರುವ ಫೋನನ್ನು ಮಾರಬೇಡಿ, ರಿಸೆಟ್ ಮಾಡಬೇಡಿ. ಅದನ್ನು ಸಾಕ್ಷಿ ಮಾಡಲು ಪ್ರಮಾಣಪತ್ರ ಬೇಕು, ಅದಕ್ಕೆ ಮೂಲ ಫೋನು ಕೈಯಲ್ಲಿದ್ದರೆ ಒಳ್ಳೆಯದು.

ಇನ್ನು ಮೂರನೆಯದು, ನುಂಗುವುದು. ನಿಮ್ಮೂರಿನ ಆ ಇಬ್ಬರ ಕಥೆ ಇದು. ನನಗೆ ಕೇಳಿದರೆ 12 ಜನರಲ್ಲಿ ಕ್ರಿಮಿನಲ್ ಕೇಸಿಗೆ ಗಟ್ಟಿಯಾದ ನೆಲ ಇರುವುದು ಅವರಿಬ್ಬರದೇ. ನೀವು ಭತ್ತ ಮಾರಿದಿರಿ. ಲಾರಿ ಹೊರಟ ಮೇಲೆ ಅದು ಅವನದು, ನಿಮಗೆ ಬರಬೇಕಾದದ್ದು ದುಡ್ಡು. ಅವರು ಮಾರಲಿಲ್ಲ, ಇಟ್ಟರು. ಗೋದಾಮು ಅವನದಾದರೂ ಭತ್ತ ಅವರದೇ. ಅದನ್ನು ಮಾರಿ ದುಡ್ಡು ಇಟ್ಟುಕೊಂಡರೆ ಅದು ನಂಬಿಕೆ ದ್ರೋಹ, ಸೆಕ್ಷನ್ 316. ಸಾಧಾರಣವಾಗಿ 5 ವರ್ಷದವರೆಗೆ ಶಿಕ್ಷೆ. ಅವನು ಏಜೆಂಟನಾಗಿ, ಅಂದರೆ ದಲಾಲಿಯಾಗಿ ಮಾಲು ಇಟ್ಟುಕೊಂಡಿದ್ದ ಅಂತ ಸಾಬೀತಾದರೆ 316(5), ಅಲ್ಲಿ 10 ವರ್ಷ ಅಥವಾ ಜೀವಾವಧಿಯವರೆಗೂ ಹೋಗಬಹುದು. ಇಲ್ಲಿ ಮೊದಲ ದಿನದ ಉದ್ದೇಶ ತೋರಿಸಬೇಕಾಗಿಲ್ಲ. ಇಟ್ಟುಕೊಂಡಾಗ ಒಳ್ಳೆಯವನೇ ಆಗಿದ್ದು, ಆಮೇಲೆ ನುಂಗಿದರೂ ಅಪರಾಧವೇ.

ಎಲ್ಲಾ ನಿಂತಿರುವುದು ಚೀಟಿಯ ಮೇಲೆ. ಕೆಲವು ವರ್ಷದ ಹಿಂದೆ ಗಂಗಾವತಿ ಕಡೆಯ ಒಬ್ಬ ಹಿರಿಯ ರೈತರು ನನ್ನ ಆಫೀಸಿಗೆ ಯೂರಿಯಾ ಚೀಲದ ತುಂಡಿನಲ್ಲಿ ಸುತ್ತಿದ ಕಾಗದ ತಂದಿದ್ದರು. ಬಿಚ್ಚಿದರೆ ಹಳೇ ಕ್ಯಾಲೆಂಡರಿನ ಹಾಳೆ. ಹಿಂಬದಿಯಲ್ಲಿ ನೀಲಿ ಪೆನ್ನಿನಲ್ಲಿ ತಾರೀಖು, "62 ಚೀಲ, ಇಟ್ಟಿದ್ದು", ಕೆಳಗೆ ಅರ್ಧ ಸಹಿ. ರೇಟು ಬರೆದಿರಲಿಲ್ಲ, ಮೊತ್ತ ಬರೆದಿರಲಿಲ್ಲ. ಅವರಿಗೆ ಅದೇ ಬೇಸರ, "ಸಾಹೇಬ್ರೆ, ದುಡ್ಡೇ ಬರೆಸಿಕೊಳ್ಳಲಿಲ್ಲ ನೋಡ್ರಿ" ಅಂತ. ನಾನು ಆ ಚೀಟಿಯನ್ನು ಮೂರು ಸಲ ಓದಿದೆ. ರೇಟು ಇಲ್ಲದಿದ್ದರಿಂದಲೇ ಅದು ಮಾರಾಟ ಅಲ್ಲ ಅಂತ ವಾದಿಸಲು ಆಯಿತು. "ಕೊಟ್ಟಿದ್ದು" ಅಂತ ಬರೆದು ಪಕ್ಕದಲ್ಲಿ ಮೊತ್ತ ಹಾಕಿದ್ದರೆ ಆ ಕೇಸು ಬೇರೆಯೇ ಆಗುತ್ತಿತ್ತು. ನಿಮ್ಮ ಆ ಇಬ್ಬರು ನೆರೆಯವರ ಚೀಟಿಯಲ್ಲಿ ಏನಿದೆ, ಇವತ್ತೇ ನೋಡಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಮುಂದೆ ಸಹಿ ಪರೀಕ್ಷೆಗೆ ಕಳಿಸುವಾಗ ತೊಂದರೆ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಸಿಟ್ಟಿನಲ್ಲಿ 12 ಜನ ಒಟ್ಟಿಗೆ ಹೋಗಿ ಒಂದೇ ದೂರಿನಲ್ಲಿ "ವಂಚನೆ, ನಂಬಿಕೆ ದ್ರೋಹ, ಫೋರ್ಜರಿ, ಒಳಸಂಚು" ಅಂತ ಇರುವ ಸೆಕ್ಷನ್ನೆಲ್ಲಾ ತುಂಬುತ್ತಾರೆ. ಜಾಸ್ತಿ ಸೆಕ್ಷನ್ ಇದ್ದರೆ ಕೇಸು ಗಟ್ಟಿ ಅನ್ನುವುದು ದೊಡ್ಡ ಭ್ರಮೆ. ಒಂದೇ ಸಂಗತಿ ಏಕಕಾಲಕ್ಕೆ ವಂಚನೆಯೂ ನಂಬಿಕೆ ದ್ರೋಹವೂ ಆಗಲಾರದು ಅಂತ ಸುಪ್ರೀಂ ಕೋರ್ಟು 2024ರಲ್ಲಿ ಡೆಲ್ಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಒತ್ತಿ ಹೇಳಿದೆ. ಸಾಲಕ್ಕೆ ಮಾರಿದ ಮಾಲಿನ ದುಡ್ಡು ಬರದಿದ್ದರೆ ಅದು ನಂಬಿಕೆ ದ್ರೋಹ ಅಲ್ಲ ಅಂತಲೂ ಹೇಳಿದೆ. ಕಲಸುಮೇಲೋಗರದ ಎಫ್‌ಐಆರ್ ಹಿಡಿದುಕೊಂಡು ಆರೋಪಿ ಹೈಕೋರ್ಟಿಗೆ ಹೋಗುತ್ತಾನೆ. ರಾಯಚೂರು ಜಿಲ್ಲೆಯದಾದರೆ ಕಲಬುರಗಿ ಪೀಠ, ಕೊಪ್ಪಳ, ಬಳ್ಳಾರಿಯದಾದರೆ ಧಾರವಾಡ ಪೀಠ. ಅಲ್ಲಿ ಎಫ್‌ಐಆರ್ ರದ್ದಾದರೆ ಊರಲ್ಲಿ ಅವನು "ಕೋರ್ಟೇ ನನ್ನನ್ನು ಬಿಟ್ಟಿದೆ" ಅಂತ ತಿರುಗಾಡುತ್ತಾನೆ. ಆದ್ದರಿಂದ ಗೋದಾಮಿನಲ್ಲಿ ಇಟ್ಟವರ ದೂರು ಬೇರೆ ಇರಲಿ, ಮಾರಿದವರ ದೂರು ಬೇರೆ ಇರಲಿ.

ನೀವು ಎಷ್ಟು ಥರ ಅಂತ ಕೇಳಿದ್ದೀರಿ. ಉಳಿದವನ್ನು ಬೇಗ ಹೇಳಿಬಿಡುತ್ತೇನೆ. 1872ರ ಕರಾರು ಕಾಯ್ದೆಯಲ್ಲೂ ಮೋಸ ಇದೆ, ಸೆಕ್ಷನ್ 17. ಗೊತ್ತಿದ್ದೂ ಸುಳ್ಳು ಹೇಳುವುದು, ಇರುವುದನ್ನು ಮುಚ್ಚಿಡುವುದು, ನಡೆಸುವ ಉದ್ದೇಶ ಇಲ್ಲದೆ ಮಾತು ಕೊಡುವುದು. ತಾನೂ ನಿಜ ಅಂತ ನಂಬಿ ತಪ್ಪು ಹೇಳಿದರೆ ಅದು ಸೆಕ್ಷನ್ 18ರ ತಪ್ಪು ನಿರೂಪಣೆ. ಎರಡರಲ್ಲೂ ಕರಾರನ್ನು ರದ್ದು ಮಾಡುವ ಹಕ್ಕು ನಿಮ್ಮದು. ಆದರೆ ನಿಮ್ಮ ಭತ್ತ ಈಗಾಗಲೇ ಯಾವುದೋ ಊರಲ್ಲಿ ಅನ್ನವಾಗಿ ಹೋಗಿರುತ್ತದೆ. ರದ್ದು ಮಾಡಿ ಏನು ವಾಪಸ್ ತರುವುದು?

ಜಮೀನಿನ ಮೋಸಗಳು ಇನ್ನೊಂದು ಲೋಕ. ಬೇರೆಯವರನ್ನು ನಿಲ್ಲಿಸಿ ನೋಂದಣಿ ಮಾಡಿಸಿದರೆ ಅದು ವೇಷ ಬದಲಿಸಿದ ವಂಚನೆ, ನ್ಯಾಯ ಸಂಹಿತೆಯ ಸೆಕ್ಷನ್ 319. ಕಾಗದವೇ ಸುಳ್ಳಾದರೆ ಫೋರ್ಜರಿ. ಇಲ್ಲಿ ಜನ ಎಡವುವ ಒಂದು ಜಾಗ ಇದೆ. ನಿಮ್ಮ ಹೊಲವನ್ನು ಪಕ್ಕದವನು ತನ್ನದೇ ಹೆಸರಿನಲ್ಲಿ, ತನ್ನದೇ ಸಹಿ ಹಾಕಿ ಮೂರನೆಯವನಿಗೆ ಮಾರಿದ ಅನ್ನಿ. ಅದು ಫೋರ್ಜರಿ ಅಲ್ಲ ಅಂತ 2009ರಲ್ಲಿ ಮೊಹಮ್ಮದ್ ಇಬ್ರಾಹಿಂ ಪ್ರಕರಣದಲ್ಲಿ ತೀರ್ಪಾಗಿದೆ. ಅವನು ನೀವು ಅಂತ ನಟಿಸಲಿಲ್ಲ, ಸುಳ್ಳು ಹಕ್ಕು ಹೇಳಿದ ಅಷ್ಟೇ. ವಂಚನೆಯ ದೂರು ಕೊಡಬೇಕಾದವನು ಕೊಂಡು ಕೆಟ್ಟ ಆ ಮೂರನೆಯವನು. ನೀವು ಹೋಗಬೇಕಾದದ್ದು ಸಿವಿಲ್ ಕೋರ್ಟಿಗೆ. ಕೇಳಿದವರಿಗೆ ಇದು ಅನ್ಯಾಯ ಅನ್ನಿಸುತ್ತದೆ, ನನಗೂ ಮೊದಲ ಸಲ ಓದಿದಾಗ ಅನ್ನಿಸಿತ್ತು. ಇನ್ನು ಓಟಿಪಿ, ಆನ್‌ಲೈನ್ ಮೋಸಕ್ಕೆ ಈ ಯಾವ ಚರ್ಚೆಯೂ ಬೇಡ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಲ್ಲಿ ಗಂಟೆಗಳ ಲೆಕ್ಕ.

ಈಗ ನಿಮ್ಮ ದಾರಿಗಳು. ನನ್ನ ಮೊದಲ ಆಯ್ಕೆ ಚೆಕ್ ಕೇಸು, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138. ಇಲ್ಲಿ ಮೊದಲ ದಿನ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಕೇಳುವುದಿಲ್ಲ. ಬಾಕಿ ಇತ್ತು, ಚೆಕ್ ಕೊಟ್ಟ, ವಾಪಸ್ ಬಂತು, ನೋಟಿಸ್ ಹೋಯಿತು, ಸಾಕು. ಖಾತೆ ಮುಚ್ಚಿದ್ದರೂ ಇದು ಅನ್ವಯಿಸುತ್ತದೆ ಅಂತ 1999ರಲ್ಲೇ ತೀರ್ಪಾಗಿದೆ. ನೋಟಿಸ್ ತಲುಪಿ 15 ದಿನದಲ್ಲಿ ದುಡ್ಡು ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ದೂರು. ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು, ಕೊಪ್ಪಳಕ್ಕೆ ಅಲೆಯುವುದು ಬೇಡ. ಶಿಕ್ಷೆ 2 ವರ್ಷದವರೆಗೆ, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಕೇಸು ನಡೆಯುವಾಗಲೇ 20 ಪರ್ಸೆಂಟ್‌ವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗಿದೆ. ಅಪಾಯ ಏನೆಂದರೆ ಸಮನ್ಸ್, ವಾರಂಟ್ ಹಿಡಿದು ಅವನನ್ನು ಹುಡುಕುವುದರಲ್ಲೇ ತಿಂಗಳುಗಟ್ಟಲೆ ಹೋಗಬಹುದು.

ಎರಡನೆಯದು ಹಣ ವಸೂಲಿಯ ಸಿವಿಲ್ ದಾವೆ. 3 ವರ್ಷದ ಕಾಲಮಿತಿ ಇದೆ, ಆದರೆ ಅಷ್ಟು ಕಾಯುವ ಪರಿಸ್ಥಿತಿ ನಿಮ್ಮದಲ್ಲ. ಆಸ್ತಿ ಕೈಬದಲಾಯಿಸುತ್ತಿದ್ದಾನೆ ಅನ್ನುವ ಗುರುತು ಇದ್ದರೆ ತೀರ್ಪಿಗೆ ಮೊದಲೇ ಜಪ್ತಿ ಕೇಳಬಹುದು. ಡಿಕ್ರಿ ಸಿಕ್ಕು, ಹಿಡಿಯಲು ಆಸ್ತಿಯೇ ಇಲ್ಲದೆ ಆ ಕಾಗದವನ್ನು ಟ್ರಂಕಿನಲ್ಲಿ ಇಟ್ಟುಕೊಂಡವರು ನಮ್ಮ ಕಡೆ ಎಷ್ಟೋ ಜನ. ಅವನಿಗೆ ಎಪಿಎಂಸಿ ಲೈಸೆನ್ಸ್ ಇದ್ದರೆ ಸಮಿತಿಯ ಕಾರ್ಯದರ್ಶಿಗೂ ಒಂದು ಲಿಖಿತ ದೂರು ಕೊಡಿ. ಹೊಲದಲ್ಲೇ ತೂಕವಾದ ಮಾಲಿಗೆ ಅಲ್ಲಿ ಸಿಗುವ ಬಲ ಕಡಿಮೆ, ಆದರೂ ದಾಖಲೆ ಆಗುತ್ತದೆ. ವಕೀಲರ ಫೀಸು ಭಾರ ಅನ್ನಿಸುವವರು 15100ಕ್ಕೆ ಫೋನ್ ಮಾಡಿ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಲಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಮೂರನೆಯದು ಪೊಲೀಸ್ ದೂರು. ಸಿವಿಲ್ ದಾವೆಗೆ ದಾರಿ ಇದೆ ಅಂದ ಮಾತ್ರಕ್ಕೆ ಕ್ರಿಮಿನಲ್ ಬಾಗಿಲು ಮುಚ್ಚುವುದಿಲ್ಲ, ಠಾಣೆಯವರು ತಪ್ಪಿದ್ದು ಅಲ್ಲಿ. ಪ್ರಾಥಮಿಕ ವಿಚಾರಣೆ ಮಾಡುತ್ತೇವೆ ಅಂದರೆ ವ್ಯಾಪಾರದ ವಿಷಯಗಳಲ್ಲಿ ಅದಕ್ಕೆ ಅವಕಾಶ ಇದೆ, ಜಗಳ ಬೇಡ. "ಇದು ನಮ್ಮ ಹದ್ದಲ್ಲ, ಆ ಜಿಲ್ಲೆಗೆ ಹೋಗಿ" ಅಂದರೆ ಒಪ್ಪಬೇಡಿ. ಭತ್ತ ಕೈಬಿಟ್ಟಿದ್ದು ನಿಮ್ಮ ಹೊಲದಲ್ಲಿ, ಅದೂ ಅಲ್ಲದೆ ಈಗ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್, ಅಂದರೆ ಹದ್ದು ನೋಡದೆ ದಾಖಲಿಸುವ ಎಫ್‌ಐಆರ್, ಆಗಬೇಕು. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಸಹಿತ ಅರ್ಜಿ. ಆದರೆ ಒಂದು ಮಾತು: ಎಫ್‌ಐಆರ್ ವಸೂಲಿ ಯಂತ್ರ ಅಲ್ಲ. ಅವನು ಜೈಲಿಗೆ ಹೋದರೂ ನಿಮ್ಮ ದುಡ್ಡು ತಾನಾಗಿ ಬರುವುದಿಲ್ಲ.

ನಡುವೆ ಯಾರೋ ದೊಡ್ಡವರು ಬಂದು ರಾಜಿ ಪಂಚಾಯಿತಿ ಮಾಡುತ್ತಾರೆ. ದುಡ್ಡು ಎಣಿಸಿ ಕೊಟ್ಟರೆ ತೆಗೆದುಕೊಳ್ಳಿ, ತಪ್ಪೇನಿಲ್ಲ. "ಇನ್ನಾರು ತಿಂಗಳಲ್ಲಿ ಕೊಡುತ್ತೇನೆ, ಕೇಸು ಹಾಕಬೇಡಿ" ಅಂತ ಬಾಂಡ್ ಪೇಪರ್ ಮೇಲೆ ಸಹಿ ಕೇಳಿದರೆ ಮಾತ್ರ ಎಚ್ಚರ. ಬಾಂಡ್ ಪೇಪರ್‌ಗೆ ಮಂತ್ರಶಕ್ತಿ ಇಲ್ಲ. ಆ ಆರು ತಿಂಗಳಲ್ಲಿ ನಿಮ್ಮ ಚೆಕ್ಕಿನ ಗಡುವು ಸತ್ತುಹೋಗುತ್ತದೆ, ಹಳೇ ಬಾಕಿ ಹೊಸ ಕರಾರು ಆಗುತ್ತದೆ. ಇನ್ನು ಬೀಗ ಒಡೆದು ಗೋದಾಮಿನ ಮಾಲು ಎತ್ತಿಕೊಂಡು ಬರೋಣ ಅನ್ನುವ ಹುಡುಗರು ಊರಲ್ಲಿ ಇದ್ದೇ ಇರುತ್ತಾರೆ. ತಡೆಯಿರಿ. ಹಾಗೆ ಮಾಡಿದ ದಿನ ಫಿರ್ಯಾದಿ ಅವನು, ಆರೋಪಿ ನೀವು.

ಕೊನೆಗೆ ಆ ಮನೆ. "ಮಾಡಿದ್ದಾನಂತೆ" ಅಂತ ಬರೆದಿದ್ದೀರಿ. ಅಂತೆಕಂತೆ ಬಿಟ್ಟು ಕಾಗದ ತೆಗೆಸಿ. ಮನೆಯನ್ನು ದಾನ ಕೊಡಬೇಕಾದರೆ ನೋಂದಣಿ ಆಗಲೇಬೇಕು. ಆಸ್ತಿಯ ವಿವರ ಸಿಕ್ಕರೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಅಥವಾ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇಸಿ, ಅಂದರೆ ಆಸ್ತಿಯ ನೋಂದಾಯಿತ ವಹಿವಾಟು ತೋರಿಸುವ ಋಣಭಾರ ಪತ್ರ, ತೆಗೆಸಬಹುದು. ಸಾಲಗಾರರಿಗೆ ಸಿಗಬಾರದು ಅಂತಲೇ ಆಸ್ತಿ ದಾಟಿಸಿದರೆ ಅದೂ ಒಂದು ಮೋಸ. ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 53ರಲ್ಲಿ ಅದನ್ನು ರದ್ದು ಮಾಡಿಸಬಹುದು. ಆದರೆ ಒಬ್ಬರೇ ತಮಗಾಗಿ ಹಾಕುವ ದಾವೆ ಅಲ್ಲ ಅದು, ಬಾಕಿ ಇರುವ ಎಲ್ಲರ ಪರವಾಗಿ ಹಾಕಬೇಕು. 12 ಜನ ಒಟ್ಟಾಗಿರಬೇಕಾದದ್ದು ಇಲ್ಲಿ. ದುಡ್ಡು ಕೊಟ್ಟು ಪ್ರಾಮಾಣಿಕವಾಗಿ ಕೊಂಡವರಿಗೆ ಈ ಸೆಕ್ಷನ್ ತಟ್ಟುವುದಿಲ್ಲ, ಹಾಗಾಗಿ ಹೆಂಡತಿಯಿಂದ ಅದು ಮೂರನೆಯವರ ಕೈಗೆ ಹೋಗುವ ಮೊದಲೇ ಹೆಜ್ಜೆ ಇಡಿ.

ಇಸಿ ಕೈಗೆ ಬಂದಾಗ ಮೊದಲು ತಾರೀಖು ನೋಡಿ. ದಾನಪತ್ರ ಆಗಿದ್ದು ಫೆಬ್ರವರಿಯಲ್ಲೋ ಮಾರ್ಚಿನಲ್ಲೋ ಆದರೆ ಸೆಕ್ಷನ್ 53ಕ್ಕೆ, ಜಪ್ತಿ ಅರ್ಜಿಗೆ ಅದು ಬಲ. ನವೆಂಬರಿನಲ್ಲೇ ಆಗಿದ್ದರೆ, ಅಂದರೆ ನಿಮ್ಮೂರಿನ ಭತ್ತ ಎತ್ತುವ ಮೊದಲೇ ಮನೆ ದಾಟಿಸಿಟ್ಟಿದ್ದರೆ, ಆ ಮೊದಲ ದಿನ ಅವನ ಮನಸ್ಸಿನಲ್ಲಿ ಏನಿತ್ತು ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಆಗ ಆ ಇಸಿಯ ನಕಲನ್ನೂ ನಿಮ್ಮ ತೂಕದ ಚೀಟಿಯನ್ನೂ ಒಂದೇ ಪಿನ್ನಿಗೆ ಹಾಕಿ, ಅದೇ ಠಾಣೆಗೆ ಮತ್ತೆ ಹೋಗಿ.